ಕಿಟಕಿ ತೊಳೆಯುವ ಕಾರ್ಬನ್ ಕೋಲು ಮುರಿಯದಂತೆ ಕಾಪಾಡುವುದು ಹೇಗೆ?

ಸ್ವಸಹಾಯ ಸಂಘಗಳ ಸಭೆಗೆ ಪಾಠ

ಪಾಠದ ಉದ್ದೇಶ: ಎತ್ತರದ ಗಾಜು ತೊಳೆಯಲು ಬಳಸುವ ಕಾರ್ಬನ್ ಫೈಬರ್ ಕೋಲು ಯಾಕೆ ಮುರಿಯುತ್ತದೆ, ಮುರಿಯದ ಹಾಗೆ ಹೇಗೆ ನೋಡಿಕೊಳ್ಳಬೇಕು, ಮುರಿದರೆ ನಮ್ಮ ಕೂಲಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ತಿಳಿಯುವುದು.

ಸಭೆಗೆ ತರಬೇಕಾದ ವಸ್ತುಗಳು: ಒಂದು ಮೊಳ ಬಿದಿರು, ಒಂದು ಮಣ್ಣಿನ ಮಡಕೆ, ಒಂದು ರೂಪಾಯಿ ನಾಣ್ಯ, ಹಳೇ ಹತ್ತಿ ಬಟ್ಟೆ, ಒಂದು ನೋಟ್ ಪುಸ್ತಕ.



ಇಂದಿರಾನಗರದ ನೂರಡಿ ರಸ್ತೆ, ಸಿ.ಎಂ.ಎಚ್. ರಸ್ತೆ, ಹನ್ನೆರಡನೇ ಮುಖ್ಯ ರಸ್ತೆ ಇವುಗಳನ್ನು ನೀವೆಲ್ಲ ನೋಡಿದ್ದೀರಿ. ಒಂದು ಕಾಲಕ್ಕೆ ಕಾಂಪೌಂಡು, ಕೈತೋಟ ಇದ್ದ ಮನೆಗಳ ಸಾಲಿನಲ್ಲಿ ಈಗ ನೆಲದಿಂದ ಮೂರನೇ ಮಹಡಿವರೆಗೂ ಗಾಜು. ಗಾಜು ಇದ್ದ ಮೇಲೆ ಧೂಳೂ ಇರುತ್ತೆ, ಧೂಳು ತೆಗೆಯುವ ಕೆಲಸವೂ ಇರುತ್ತೆ. ಹಲಸೂರು, ಮರ್ಫಿ ಟೌನ್, ಕೆ.ಆರ್. ಪುರಂ ಕಡೆಯಿಂದ ಎಷ್ಟೋ ತಾಯಂದಿರು ಇಲ್ಲಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಬರುತ್ತಾರೆ. ಒಳಗಿನ ನೆಲ ಒರೆಸುವುದು ಹೆಂಗಸರ ಕೆಲಸ, ಹೊರಗೆ ಹಗ್ಗ ಕಟ್ಟಿಕೊಂಡು ಅಥವಾ ಏಣಿ ಹತ್ತಿ ಗಾಜು ತೊಳೆಯುವುದು ಗಂಡಸರ ಕೆಲಸ ಅಂತ ಇತ್ತು. ಹೊರಗಿನ ಕೆಲಸಕ್ಕೆ ಕೂಲಿಯೂ ಹೆಚ್ಚು.

ಆದರೆ ನೀರು ಹಾಯುವ ಉದ್ದ ಕೋಲು ಬಂದ ಮೇಲೆ ನೆಲದ ಮೇಲೆ ನಿಂತುಕೊಂಡೇ ಎರಡನೇ, ಮೂರನೇ ಮಹಡಿಯ ಗಾಜು ತೊಳೆಯಬಹುದು. ಏಣಿ ಬೇಡ, ಹಗ್ಗ ಬೇಡ. ಅಂದರೆ ಈ ಕೆಲಸ ಹೆಂಗಸರಿಗೂ ತೆರೆದಿದೆ. ಸಂಘದಿಂದಲೇ ಒಂದು ಕೋಲು ಕೊಂಡು ಗುತ್ತಿಗೆ ಹಿಡಿಯಬಹುದೇ ಅಂತ ಯೋಚಿಸುವ ಸಂಘಗಳೂ ಇರಬಹುದು. ಒಳ್ಳೆಯದೇ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಈ ಕೋಲು ಬಹಳ ಹಗುರ, ಬಹಳ ಗಟ್ಟಿ, ಹಾಗೆಯೇ ಬಹಳ ದುಬಾರಿ. ತಪ್ಪಾಗಿ ಹಿಡಿದರೆ ಒಂದೇ ಏಟಿಗೆ ಹೋಗುತ್ತದೆ. ಕೆಲಸದವರು ಇದನ್ನು 'ಪೋಲ್' ಅಂತಾರೆ. ಪೋಲ್ ಮುರಿದರೆ ದುಡ್ಡು ಪೋಲು ಅಂತ ನೆನಪಿಟ್ಟುಕೊಳ್ಳಿ.

1. ಈ ಕೋಲು ಕೆಲಸ ಮಾಡುವ ಬಗೆ

ಕೋಲು ಹಲವು ಕೊಳವೆಗಳ ಜೋಡಣೆ. ದಪ್ಪ ಕೊಳವೆಯೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಒಂದೊಂದಾಗಿ ಹೊರಕ್ಕೆ ಎಳೆದು ಕ್ಲಾಂಪು ಬಿಗಿ ಮಾಡಿದರೆ ಉದ್ದವಾಗುತ್ತದೆ. ತುದಿಯಲ್ಲಿ ಬ್ರಷ್ಷು ಇರುತ್ತದೆ. ತೆಳ್ಳನೆಯ ಪೈಪಿನಲ್ಲಿ ನೀರು ಮೇಲೆ ಹೋಗಿ ಬ್ರಷ್ಷಿನ ಹತ್ತಿರ ಚಿಮ್ಮುತ್ತದೆ. ಬ್ರಷ್ಷು ಧೂಳನ್ನು ಬಿಡಿಸುತ್ತದೆ, ನೀರು ತೊಳೆಯುತ್ತದೆ.

ಇದಕ್ಕೆ ಬಳಸುವ ನೀರು ಬೋರ್‌ವೆಲ್ ನೀರಲ್ಲ. ನಮ್ಮ ಬೋರ್ ನೀರು ಪಾತ್ರೆಯ ಮೇಲೆ ಒಣಗಿದರೆ ಬಿಳಿ ಕಲೆ ಉಳಿಯುವುದು ನಿಮಗೆ ಗೊತ್ತು. ಅದು ನೀರಿನಲ್ಲಿ ಕರಗಿದ ಉಪ್ಪು, ಸುಣ್ಣ. ಅದನ್ನು ಫಿಲ್ಟರಿನಲ್ಲಿ ತೆಗೆದ ನೀರು ಬಳಸಿದರೆ ಒಣಗಿದ ಮೇಲೂ ಕಲೆ ಇರುವುದಿಲ್ಲ. ಅದಕ್ಕೇ ಮೇಲೆ ಹೋಗಿ ಬಟ್ಟೆಯಿಂದ ಒರೆಸುವ ಅಗತ್ಯವಿಲ್ಲ. ಇಲ್ಲಿ ಒಂದು ಪಾಠವಿದೆ: ಗಾಜು ಸ್ವಚ್ಛವಾಗುವುದು ನೀರಿನಿಂದ, ನಮ್ಮ ತೋಳಿನ ಬಲದಿಂದ ಅಲ್ಲ. ಕೋಲನ್ನು ಒತ್ತಿ ಒತ್ತಿ ಉಜ್ಜುವವರೇ ಹೆಚ್ಚು ಮುರಿಯುತ್ತಾರೆ.

2. ಕಾರ್ಬನ್ ಫೈಬರ್ ಎಂದರೇನು?

ಫೈಬರ್ ಅಂದರೆ ಎಳೆ, ನಾರು. ಕಾರ್ಬನ್ ಅಂದರೆ ಇಂಗಾಲ. ನಮ್ಮ ತಲೆಕೂದಲಿನ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾದ ಇಂಗಾಲದ ಎಳೆಗಳನ್ನು ಸಾವಿರಾರು ಸೇರಿಸಿ, ರೆಸಿನ್ ಎಂಬ ಅಂಟಿನಲ್ಲಿ ಕೂರಿಸಿ, ಬಿಸಿ ಮಾಡಿ ಗಟ್ಟಿ ಮಾಡುತ್ತಾರೆ. ಬಲ ಇರುವುದು ಎಳೆಯಲ್ಲಿ, ಎಳೆಗಳನ್ನು ಹಿಡಿದಿಡುವುದು ಅಂಟು.

ಇದು ನಮಗೆ ದೂರದ ವಸ್ತುವೇನಲ್ಲ. ಇಂದಿರಾನಗರದ ಪಕ್ಕದಲ್ಲೇ, ಕೋಡಿಹಳ್ಳಿಯಲ್ಲಿ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್.ಎ.ಎಲ್.) ಇದೆ. ಅದರಾಚೆ ಎಚ್.ಎ.ಎಲ್. ವಿಮಾನ ಕಾರ್ಖಾನೆ. 2001ರ ಜನವರಿ 4ರಂದು ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ಮೊದಲ ಬಾರಿ ಹಾರಿದ ಹಗುರ ಯುದ್ಧ ವಿಮಾನಕ್ಕೆ, ಅಂದರೆ ಈಗಿನ 'ತೇಜಸ್'ಗೆ, ರೆಕ್ಕೆ ಮಾಡಿರುವುದು ಕಾರ್ಬನ್ ಫೈಬರಿನಿಂದಲೇ. ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಇಂಥ ಎಳೆ-ಅಂಟಿನ ವಸ್ತುವೇ. ಕಾರಣ ಇಷ್ಟೇ: ಒಂದು ಲೀಟರ್ ಜಾಗ ತುಂಬುವ ಉಕ್ಕು 7.8 ಕೆ.ಜಿ. ತೂಗಿದರೆ, ಅಲ್ಯುಮಿನಿಯಂ 2.7 ಕೆ.ಜಿ., ಕಾರ್ಬನ್ ಫೈಬರ್ ಸುಮಾರು 1.6 ಕೆ.ಜಿ. ಮಾತ್ರ. ವಿಮಾನಕ್ಕೆ ಬೇಕಾದ ಹಗುರತನವೇ ಬೆಳಗಿನಿಂದ ಮಧ್ಯಾಹ್ನದವರೆಗೆ ಕೋಲು ಹಿಡಿಯುವ ನಮ್ಮ ಭುಜಕ್ಕೂ ಬೇಕು.

ಹಾಗಾದರೆ ಇಷ್ಟು ಗಟ್ಟಿಯಾದದ್ದು ಮುರಿಯುವುದು ಯಾಕೆ?

3. ಬಿದಿರು ಹೇಳುವ ಪಾಠ

ಸಭೆಗೆ ತಂದ ಬಿದಿರನ್ನು ಕೈಗೆ ತೆಗೆದುಕೊಳ್ಳಿ. ಶಿವಾಜಿನಗರದ ಬಂಬೂ ಬಜಾರಿನಲ್ಲಿ ಗಳ ಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಬಿದಿರಿನ ನಾರು ಉದ್ದುದ್ದಕ್ಕೆ ಇರುತ್ತದೆ. ಉದ್ದಕ್ಕೆ ಎಳೆದರೆ ಎಷ್ಟು ಭಾರವನ್ನಾದರೂ ತಡೆಯುತ್ತದೆ. ಅದೇ ಬಿದಿರಿನ ನಡುವೆ, ಗೆಣ್ಣು ಇಲ್ಲದ ಕಡೆ, ಕಲ್ಲಿನಿಂದ ಒಂದು ಏಟು ಕೊಡಿ. ಸೀಳು ಬಿಡುತ್ತದೆ. ಬಿದಿರಿಗೆ ದೇವರು ಗೇಣುಗೇಣಿಗೂ ಗೆಣ್ಣು ಕೊಟ್ಟಿದ್ದಾನೆ. ಅದು ಒಳಗಿನಿಂದ ಆಧಾರ ಕೊಡುತ್ತದೆ.

ಕಾರ್ಬನ್ ಕೋಲು ಗೆಣ್ಣಿಲ್ಲದ ಬಿದಿರು. ಗೋಡೆ ತೆಳು, ಒಳಗೆ ಟೊಳ್ಳು. ಉದ್ದಕ್ಕೆ ಬಲ, ಪಕ್ಕಕ್ಕೆ ಬಲಹೀನ. ಬಗ್ಗಿಸಿದರೆ ಸ್ವಲ್ಪ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಆದರೆ ಪಕ್ಕದಿಂದ ಹಿಸುಕಿದರೆ, ಚೂಪಾದ ಏಟು ಬಿದ್ದರೆ ಒಳಗಿನ ಪದರ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಮುಖ್ಯ ವ್ಯತ್ಯಾಸ. ಅಲ್ಯುಮಿನಿಯಂ ಕೋಲಿಗೆ ಪೆಟ್ಟಾದರೆ ತಗ್ಗು ಬೀಳುತ್ತದೆ, ಸೊಟ್ಟಗಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ತಗ್ಗು ಬೀಳುವುದಿಲ್ಲ. ಮೇಲೆ ಏನೂ ಆಗಿಲ್ಲ ಅನ್ನಿಸುತ್ತದೆ, ಒಳಗೆ ಬಿರುಕು ಕೂತಿರುತ್ತದೆ. ಸೋಮವಾರ ಯಾರೋ ಬೀಳಿಸುತ್ತಾರೆ, ಕೋಲು ಮುರಿಯುವುದಿಲ್ಲ. ಗುರುವಾರ ಇನ್ಯಾರೋ ಎತ್ತುತ್ತಾರೆ, ಅವರ ಕೈಯಲ್ಲಿ ಮುರಿಯುತ್ತದೆ. ಬೈಗುಳ ಯಾರಿಗೆ? ಗುರುವಾರದವಳಿಗೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಕೂಲಿಯ ವಿಷಯ ಬಂದಾಗ ಬೇಕಾಗುತ್ತದೆ.

4. ಕೋಲು ಮುರಿಯುವ ಎಂಟು ದಾರಿಗಳು

ಒಂದು: ಬೀಳುವುದು. ಕೋಲನ್ನು ಗೋಡೆಗೆ ಒರಗಿಸಿ ಟೀ ಕುಡಿಯಲು ಹೋಗುತ್ತಾರೆ. ಗಾಳಿ ಬೀಸಿತು, ಪೈಪು ಯಾರದೋ ಕಾಲಿಗೆ ಸಿಕ್ಕಿತು, ಕೋಲು ಜಾರಿ ಫುಟ್‌ಪಾತಿನ ಕಲ್ಲಿನ ಅಂಚಿಗೆ ಬಿತ್ತು. ಕೈಯಲ್ಲಿ ಇಲ್ಲದ ಕೋಲು ಮಡಚಿ ಕೆಳಗೆ ಇರಬೇಕು. ಒರಗಿಸುವುದೇ ಬೇಡ.

ಎರಡು: ತುಳಿತ. ನೆಲದ ಮೇಲೆ ಇಟ್ಟ ಕೋಲನ್ನು ಯಾರಾದರೂ ತುಳಿಯುತ್ತಾರೆ, ಸ್ಕೂಟರ್ ಹತ್ತಿಸುತ್ತಾರೆ. ನೂರಡಿ ರಸ್ತೆಯಲ್ಲಿ ಫುಟ್‌ಪಾತ್ ಮೇಲೂ ಗಾಡಿ ಬರುತ್ತದೆ ಅಂತ ಗೊತ್ತಿದೆಯಲ್ಲ! ಕೋಲು ಇಡುವ ಜಾಗ ಗೋಡೆಯ ಬುಡದಲ್ಲಿ, ಎರಡು ಮರದ ತುಂಡಿನ ಮೇಲೆ, ಪಕ್ಕದಲ್ಲಿ ಬಣ್ಣದ ಬಕೆಟ್ ಇಟ್ಟು ಗುರುತು ಮಾಡಿ.

ಮೂರು: ಕ್ಲಾಂಪಿನ ಅತಿ ಬಿಗಿ. ಬಿಗಿ ಹೆಚ್ಚಾದಷ್ಟೂ ಭದ್ರ ಅಂತ ತಿಳಿದು ಇಕ್ಕಳ ಹಾಕಿ ತಿರುಗಿಸುವವರಿದ್ದಾರೆ. ಇದು ಟೊಳ್ಳು ಕೊಳವೆಯ ಕುತ್ತಿಗೆ ಹಿಸುಕಿದ ಹಾಗೆ. ಕ್ಲಾಂಪು ಬೆರಳಿನ ಬಲದಲ್ಲಿ ಮುಚ್ಚಬೇಕು. ಮುಚ್ಚಿದ ಮೇಲೆ ಕೊಳವೆ ಜಾರಬಾರದು, ತಿರುಗಬಾರದು. ಅಷ್ಟೇ ಸಾಕು. ಬೆರಳಿಗೆ ಬಗ್ಗದಿದ್ದರೆ ಧೂಳು ಕೂತಿದೆ ಅಂತ ಅರ್ಥ, ತೊಳೆಯಿರಿ.

ನಾಲ್ಕು: ಗುರುತು ಮೀರಿ ಎಳೆಯುವುದು. ಪ್ರತಿ ಕೊಳವೆಯ ಕೆಳತುದಿಯ ಹತ್ತಿರ ಒಂದು ಗೆರೆ ಇರುತ್ತದೆ. ಆ ಗೆರೆಯಿಂದ ಕೆಳಗಿನ ಭಾಗ ಹೊರಗಿನ ಕೊಳವೆಯೊಳಗೇ ಇರಬೇಕು. ಇನ್ನೊಂದು ಗೇಣು ಸಿಗುತ್ತೆ ಅಂತ ಎಳೆದರೆ ಪೂರ್ತಿ ಭಾರ ಎರಡು ಬೆರಳಷ್ಟು ಹಿಡಿತದ ಮೇಲೆ ಬೀಳುತ್ತದೆ, ಅಲ್ಲೇ ಸೀಳುತ್ತದೆ. ಗೆರೆ ಅಳಿಸಿ ಹೋಗಿದ್ದರೆ ಬಣ್ಣದ ಟೇಪು ಸುತ್ತಿ.

ಐದು: ದಢಾರ್ ಅಂತ ಇಳಿಸುವುದು. ಕೆಲಸ ಮುಗಿದ ಮೇಲೆ ಕ್ಲಾಂಪು ತೆಗೆದು ಕೈ ಬಿಟ್ಟರೆ ಮೇಲಿನ ಕೊಳವೆ ಸರ್ರನೆ ಇಳಿದು ಕೆಳಗೆ ಬಡಿಯುತ್ತದೆ. ಬೆರಳು ಸಿಕ್ಕರೆ ಬೆರಳೂ ಹೋಯಿತು. ಪ್ರತಿ ಬಾರಿ ಬಡಿದಾಗಲೂ ಕೊಳವೆಯ ತುದಿ ಸ್ವಲ್ಪ ಸ್ವಲ್ಪ ಅರಳಿ ಸೀಳುತ್ತದೆ. ಬಾವಿಗೆ ಕೊಡ ಇಳಿಸುವ ಹಾಗೆ ಕೈಯಲ್ಲಿ ಹಿಡಿದು ನಿಧಾನ ಇಳಿಸಿ.

ಆರು: ಉದ್ದ ಮಾಡಿದ ಕೋಲನ್ನು ಮಲಗಿಸಿ ಎತ್ತುವುದು. ಇದನ್ನು ಬಹಳ ಜನ ಮಾಡುತ್ತಾರೆ. ನೆಲದ ಮೇಲೆ ಪೂರ್ತಿ ಉದ್ದ ಮಾಡಿ, ಒಂದು ತುದಿ ಹಿಡಿದು ಎತ್ತುತ್ತಾರೆ. ಆಗ ಇಡೀ ಕೋಲಿನ ಭಾರ ಬುಡದ ಹತ್ತಿರ ಬೀಳುತ್ತದೆ. ಲೆಕ್ಕ ಹೀಗಿದೆ: ಒಂದೇ ದಪ್ಪದ ಕೋಲು ಎರಡರಷ್ಟು ಉದ್ದವಾದರೆ ತೂಕ ಎರಡರಷ್ಟು, ಆ ತೂಕ ಇರುವ ದೂರವೂ ಎರಡರಷ್ಟು. ಎರಡೆರಡಲಿ ನಾಲ್ಕು. ಬುಡಕ್ಕೆ ಬೀಳುವ ಒತ್ತಡ ನಾಲ್ಕರಷ್ಟು! ಆದ್ದರಿಂದ ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಉದ್ದ ಮಾಡಬೇಕು, ನೆಟ್ಟಗೆ ಇಟ್ಟುಕೊಂಡೇ ಮಡಚಬೇಕು. ಒಂದು ಕಿಟಕಿಯಿಂದ ದೂರದ ಇನ್ನೊಂದು ಕಡೆಗೆ ಹೋಗುವಾಗ ಮಡಚಿಕೊಂಡು ಹೋಗಬೇಕು.

ಏಳು: ದೋಟಿಯ ಹಾಗೆ ಬಳಸುವುದು. ಉದ್ದ ಕೋಲು ಕೈಯಲ್ಲಿದ್ದರೆ ಎಲ್ಲರಿಗೂ ಆಸೆ. 'ಅಕ್ಕಾ, ಆ ಗಾಳಿಪಟ ಬಿಡಿಸಿ ಕೊಡಿ', 'ಅಮ್ಮಾ, ಆ ಮಾವಿನಕಾಯಿ ಕೀಳಿ', 'ಜೇಡರಬಲೆ ಜಾಡಿಸಿ' ಅಂತಾರೆ. ಬೇಡ. ಎಳೆಯುವುದು, ಮೀಟುವುದು, ಕೊಕ್ಕೆ ಹಾಕುವುದು ಈ ಕೋಲಿನ ಕೆಲಸವಲ್ಲ. ಬ್ರಷ್ಷು ಕೊಂಬೆಗೋ ಕಿಟಕಿಯ ಸರಳಿಗೋ ಸಿಕ್ಕಿಕೊಂಡರೆ ಎಳೆಯಬೇಡಿ. ಬಂದ ದಾರಿಯಲ್ಲೇ ಸ್ವಲ್ಪ ಮೇಲೆತ್ತಿ, ತಿರುಗಿಸಿ ಬಿಡಿಸಿ. ಕೋಲಿನ ಮೇಲೆ ಮೈಭಾರ ಹಾಕಿ ನಿಂತು ಮಾತಾಡುವುದೂ ಬೇಡ.

ಎಂಟು: ಧೂಳು ಮತ್ತು ಬಿಸಿಲು. ರಸ್ತೆ ಅಗೆದ ಮರಳು, ಕಟ್ಟಡದ ಸಿಮೆಂಟು ಕೊಳವೆಗಳ ನಡುವೆ ಸೇರಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಕೊಳವೆ ತೆಳುವಾಗುತ್ತಾ ಬರುತ್ತದೆ. ಕೆಲಸ ಮುಗಿದ ಮೇಲೆ ಬಿಡಿ ಬಿಡಿ ಮಾಡಿ ನೀರಿನಲ್ಲಿ ತೊಳೆದು, ಒರೆಸಿ, ನೆರಳಿನಲ್ಲಿ ಒಣಗಿಸಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಅದು ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ಎಳೆಗೆ ಬಿಸಿಲು ಏನೂ ಮಾಡದು, ಆದರೆ ಎಳೆಯನ್ನು ಹಿಡಿದಿರುವ ಅಂಟಿಗೆ ಬಿಸಿಲು ಆಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮನೆಯ ಮೇಲೆ, ತಾರಸಿ ಮೇಲೆ ತಿಂಗಳುಗಟ್ಟಲೆ ಬಿಡಬೇಡಿ. ಟೆಂಪೋ ಮೇಲೆ ಸಾಗಿಸುವಾಗ ಹಗ್ಗ ಕೊಯ್ಯುವಷ್ಟು ಬಿಗಿಯಬೇಡಿ. ಹಳೇ ಸೀರೆ ಸುತ್ತಿ, ಅಗಲ ಪಟ್ಟಿಯಲ್ಲಿ ಎರಡು ಕಡೆ ಕಟ್ಟಿ.

5. ಎತ್ತುವ ಕ್ರಮ, ನಿಲ್ಲುವ ಕ್ರಮ

ಇಬ್ಬರು ಜೊತೆಯಾಗಿ ಕೆಲಸ ಮಾಡಿ. ಒಬ್ಬರ ಕಣ್ಣು ಬ್ರಷ್ಷಿನ ಮೇಲೆ, ಇನ್ನೊಬ್ಬರ ಕಣ್ಣು ದಾರಿ, ಪೈಪು, ಮೇಲಿನ ತಂತಿಯ ಮೇಲೆ.

ಮೊದಲು ಕೋಲಿನ ಬುಡವನ್ನು ನೆಲಕ್ಕೆ ಊರಿ, ಪಕ್ಕದಲ್ಲಿ ಪಾದ ಇಟ್ಟು ಜಾರದಂತೆ ತಡೆಯಿರಿ. ಎಲ್ಲಕ್ಕಿಂತ ಸಣ್ಣ ಕೊಳವೆಯನ್ನು ಮೊದಲು ಎಳೆದು ಕ್ಲಾಂಪು ಹಾಕಿ, ಆಮೇಲೆ ಅದಕ್ಕಿಂತ ದಪ್ಪನೆಯದು. ಹೀಗೆ ಮಾಡಿದರೆ ಮುಂದಿನ ಕ್ಲಾಂಪು ಯಾವಾಗಲೂ ಕೈಗೆ ಎಟಕುತ್ತದೆ. ಇಳಿಸುವಾಗ ಇದರ ಉಲ್ಟಾ: ಕೆಳಗಿನ ದಪ್ಪನೆಯದು ಮೊದಲು, ಸಣ್ಣದು ಕೊನೆಗೆ.

ಬೇಕಾದಷ್ಟೇ ಉದ್ದ ಮಾಡಿ. ಮೊದಲನೇ ಮಹಡಿಗೆ ಮೂರನೇ ಮಹಡಿಯ ಉದ್ದ ಬೇಡ. ಗೋಡೆಯಿಂದ ಬಹಳ ದೂರ ನಿಲ್ಲಬೇಡಿ. ಕೋಲು ನೆಟ್ಟಗಿದ್ದಷ್ಟೂ ಭಾರ ನೆಲಕ್ಕೆ, ವಾಲಿದಷ್ಟೂ ಭಾರ ಕೋಲಿನ ನಡುವಿಗೆ ಮತ್ತು ನಿಮ್ಮ ಸೊಂಟಕ್ಕೆ. ಕೆಳಗೆ ಇಳಿಜಾರು, ಕಾರು, ಹೂಕುಂಡ ಇದ್ದು ದೂರವೇ ನಿಲ್ಲಬೇಕಾದರೆ ಮೊದಲು ಆ ಅಡ್ಡಿ ತೆಗೆಸಿ, ಆಮೇಲೆ ಕೆಲಸ ಶುರು ಮಾಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಊರಿನಲ್ಲಿ ಗಾಳಿ ಜೋರು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಗಾಳಿ, ಗುಡುಗು, ಮಳೆ. ಗಾಳಿಗೆ ಕೋಲಿನ ತುದಿ ತೂಗಾಡತೊಡಗಿದರೆ ಇಳಿಸಿ. ಗುಡುಗು ಕೇಳಿಸಿದರೆ ಒಂದು ಕ್ಷಣವೂ ಎತ್ತಿ ಹಿಡಿಯಬೇಡಿ.

6. ಕೋಲಿಗಿಂತ ಜೀವ ದೊಡ್ಡದು: ಕರೆಂಟು

ಈ ಭಾಗವನ್ನು ಸಭೆಯಲ್ಲಿ ಎರಡು ಸಲ ಓದಿ.

ಬಿದಿರು, ಮರ ಎಂದು ಅಭ್ಯಾಸವಾದ ಕೈಗೆ ಕಾರ್ಬನ್ ಕೂಡ ಹಾಗೇ ಅನ್ನಿಸುತ್ತದೆ. ಅದು ಲೋಹದ ಹಾಗೆ ಹೊಳೆಯುವುದೂ ಇಲ್ಲ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಮೇಲಾಗಿ ಕೋಲು ಒದ್ದೆ, ಪೈಪಿನಲ್ಲಿ ನೀರು, ನಿಂತ ನೆಲವೂ ಒದ್ದೆ. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಮರದ ಕೊಂಬೆಗಳ ನಡುವೆಯೇ ತಂತಿ ಹೋಗಿರುತ್ತದೆ, ಕಂಬದ ಮೇಲೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. 11 ಕೆ.ವಿ. ಅಂದರೆ ಹನ್ನೊಂದು ಸಾವಿರ ವೋಲ್ಟ್. ನಮ್ಮ ಮನೆಯ ಸ್ವಿಚ್ಚಿನಲ್ಲಿ ಇರುವುದು 230. ಇಂಥ ತಂತಿಯನ್ನು ಮುಟ್ಟಬೇಕೆಂದೇ ಇಲ್ಲ, ಬಹಳ ಹತ್ತಿರ ಹೋದರೂ ಕರೆಂಟು ಹಾರಿ ಬರಬಹುದು.

2023ರ ನವೆಂಬರ್‌ನಲ್ಲಿ ಕಾಡುಗೋಡಿ ಹತ್ತಿರದ ಹೋಪ್ ಫಾರಂ ವೃತ್ತದಲ್ಲಿ ಬೆಳಗಿನ ಜಾವ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತಗಲಿ ಒಬ್ಬ ತಾಯಿ, ಅವಳ ಕೈಯಲ್ಲಿದ್ದ ಹಸುಗೂಸು ಇಬ್ಬರೂ ತೀರಿಕೊಂಡರು. ಅವರು ಯಾವ ಕೋಲನ್ನೂ ಎತ್ತಿರಲಿಲ್ಲ, ನಡೆದು ಹೋಗುತ್ತಿದ್ದರು ಅಷ್ಟೆ. ತಂತಿಯ ವಿಷಯದಲ್ಲಿ 'ಏನಾಗಲ್ಲ ಬಿಡಿ' ಅನ್ನುವ ಮಾತು ಸಲ್ಲದು.

ನಿಯಮ ಸರಳ. ಕೋಲು ಯಾವ ಕಡೆಗಾದರೂ ಬೀಳಬಹುದು. ಆದ್ದರಿಂದ ಪೂರ್ತಿ ಉದ್ದ ಮಾಡಿದ ಕೋಲು ಬಿದ್ದರೂ ತಂತಿಯ ಹತ್ತಿರಕ್ಕೆ ಸುಳಿಯಬಾರದು, ನಡುವೆ ಇನ್ನೂ ಕೆಲವು ಮಾರು ಖಾಲಿ ಜಾಗ ಇರಬೇಕು. ಅಷ್ಟು ಜಾಗ ಇಲ್ಲದ ಕಟ್ಟಡದಲ್ಲಿ ಆ ಬದಿಯ ಗಾಜಿಗೆ ಈ ಕೋಲು ಬೇಡ. ಸೂಪರ್‌ವೈಸರ್ ಒತ್ತಾಯ ಮಾಡಿದರೆ 'ಸಾರ್, ಕರೆಂಟು ತೆಗೆಸಿದ್ದು ಖಚಿತವಾಗಲಿ, ಆಮೇಲೆ ಮಾಡ್ತೀವಿ' ಅಂತ ಇಬ್ಬರೂ ಸೇರಿ ಹೇಳಿ. ಜೋತುಬಿದ್ದ ತಂತಿ ಕಂಡರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಹಿಡಿಕೆಗೆ ರಬ್ಬರ್ ಇದೆ, ಕೈಗೆ ಗ್ಲೌಸ್ ಇದೆ ಅಂತ ಧೈರ್ಯ ಮಾಡಬೇಡಿ. ಅವು ಇಷ್ಟು ದೊಡ್ಡ ಕರೆಂಟನ್ನು ತಡೆಯಲು ಮಾಡಿದವಲ್ಲ.

7. ದಿನವೂ ಐದು ನಿಮಿಷದ ಪರೀಕ್ಷೆ

ನೋಡಿ: ಬೆಳಕಿಗೆ ಹಿಡಿದು ಪ್ರತಿ ಕೊಳವೆಯನ್ನೂ ಸುತ್ತಲೂ ತಿರುಗಿಸಿ ನೋಡಿ. ಗೀರು, ಬಿಳಿಚಿದ ಜಾಗ, ಮೆರುಗು ಹೋಗಿರುವ ಜಾಗ, ತುದಿಯಲ್ಲಿ ಸೀಳು ಇದೆಯೇ?

ಬಟ್ಟೆ ಎಳೆಯಿರಿ: ಹತ್ತಿ ಬಟ್ಟೆ ಸುತ್ತಿ ಉದ್ದಕ್ಕೂ ಎಳೆಯಿರಿ. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಎಳೆ ಎದ್ದಿದೆ. ಬರಿಗೈಯಲ್ಲಿ ಸವರಬೇಡಿ. ಕಾರ್ಬನ್ ಸಿಬಿರು ಚರ್ಮದೊಳಗೆ ಹೋದರೆ ಬಹಳ ತೊಂದರೆ ಕೊಡುತ್ತದೆ.

ತಟ್ಟಿ ಕೇಳಿ: ಸಂತೆಯಲ್ಲಿ ಮಡಕೆ ಕೊಳ್ಳುವಾಗ ಏನು ಮಾಡುತ್ತೀರಿ? ಬೆರಳ ಗೆಣ್ಣಿನಿಂದ ತಟ್ಟುತ್ತೀರಿ. ಒಳ್ಳೆ ಮಡಕೆ 'ಟಣ್' ಅನ್ನುತ್ತದೆ, ಬಿರುಕು ಮಡಕೆ 'ಬದ್' ಅನ್ನುತ್ತದೆ. ಕೋಲನ್ನೂ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಂದೇ ಸಮನೆ ಬರುತ್ತಿದ್ದ ಸದ್ದು ಒಂದು ಕಡೆ ಮಂಕಾದರೆ ಅಲ್ಲಿ ಒಳಪದರ ಬಿಟ್ಟಿರಬಹುದು. ಇದು ಹಳ್ಳಿಯವರ ಉಪಾಯ ಅಂತ ನಗಬೇಡಿ. ವಿಮಾನದ ಕಾರ್ಬನ್ ಭಾಗಗಳನ್ನು ಪರೀಕ್ಷಿಸುವವರೂ ಮೊದಲು ಹೀಗೇ ನಾಣ್ಯದಿಂದ, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುವುದುಂಟು. ಮಡಕೆ ತಟ್ಟಿ ಕಲಿತ ಕಿವಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಕ್ಲಾಂಪು ನೋಡಿ: ಪ್ರತಿಯೊಂದನ್ನೂ ಮುಚ್ಚಿ, ಕೊಳವೆಯನ್ನು ಮೆಲ್ಲಗೆ ತಿರುಗಿಸಲು ನೋಡಿ. ಜಾರಿದರೆ ಆ ದಿನ ಸರಿ ಮಾಡಿಸಿಯೇ ಬಳಸಿ.

ಅನುಮಾನ ಬಂದ ಕೊಳವೆಯನ್ನು ತೆಗೆದು, ಕೆಂಪು ಬಟ್ಟೆ ಕಟ್ಟಿ ಪಕ್ಕಕ್ಕೆ ಇಡಿ. ಟೇಪು ಸುತ್ತಿದರೆ ಬಿರುಕು ಮುಚ್ಚುತ್ತದೆ, ಬಲ ಬರುವುದಿಲ್ಲ. ನೀವೇ ಗರಗಸದಲ್ಲಿ ಕತ್ತರಿಸಲು, ಉಜ್ಜಲು ಹೋಗಬೇಡಿ, ಆ ಕಪ್ಪು ಪುಡಿ ಕಣ್ಣಿಗೂ ಉಸಿರಿಗೂ ಕೆಟ್ಟದ್ದು. ಸಾಮಾನ್ಯವಾಗಿ ಇಡೀ ಕೋಲು ಬದಲಾಯಿಸಬೇಕಿಲ್ಲ, ಹಾಳಾದ ಕೊಳವೆಯನ್ನು ಮಾತ್ರ ತರಿಸಬಹುದು. ಸಿಬಿರು ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಚಿಮಟದಿಂದ ತೆಗೆಯಿರಿ. ಪೂರ್ತಿ ಬರದಿದ್ದರೆ, ಊದಿದರೆ ಆಸ್ಪತ್ರೆಗೆ ಹೋಗಿ.

8. ಕೋಲಿನ ಪುಸ್ತಕ

ಸಭೆಗೆ ತಂದ ನೋಟ್ ಪುಸ್ತಕ ಇದಕ್ಕೇ. ಸಂಘದಲ್ಲಿ ಉಳಿತಾಯದ ಪಾಸ್‌ಬುಕ್ ಇದ್ದ ಹಾಗೆ ಕೋಲಿಗೂ ಒಂದು ಪುಸ್ತಕ ಇರಲಿ. ಐದು ಕಲಂ ಸಾಕು: ದಿನಾಂಕ, ತೆಗೆದುಕೊಂಡವರ ಹೆಸರು, ತೆಗೆದುಕೊಂಡಾಗ ಕಂಡದ್ದು, ಹಿಂದಿರುಗಿಸಿದಾಗ ಕಂಡದ್ದು, ಇಬ್ಬರ ಸಹಿ. 'ಮೂರನೇ ಕೊಳವೆ, ತುದಿಯಲ್ಲಿ ಗೀರು' ಅಂತ ಬರೆದರೆ ಸಾಕು, ಕಥೆ ಬೇಡ. ಬರೆಯಲು ಬಾರದವರು ಹೇಳಲಿ, ಬರುವವರು ಬರೆಯಲಿ. ಮೊಬೈಲ್ ಇದ್ದರೆ ಒಂದು ಫೋಟೋ ತೆಗೆಯಿರಿ. ಕೋಲು ಬಿದ್ದರೆ, ಮುರಿಯದಿದ್ದರೂ ಬರೆಯಿರಿ. ಬಿದ್ದದ್ದನ್ನು ಹೇಳಿದವಳನ್ನು ಸಂಘದಲ್ಲಿ ಯಾರೂ ಬೈಯಬಾರದು ಅಂತ ಮೊದಲೇ ತೀರ್ಮಾನ ಮಾಡಿ. ಬೈದರೆ ನಾಳೆಯಿಂದ ಯಾರೂ ಹೇಳುವುದಿಲ್ಲ. ಮುಚ್ಚಿಟ್ಟ ಬಿರುಕು ಇನ್ನೊಬ್ಬಳ ತಲೆಯ ಮೇಲೆ ಬೀಳುತ್ತದೆ.

ಈ ಪುಸ್ತಕ ಕೂಲಿಗೂ ಕಾವಲು. ಕಂಟ್ರಾಕ್ಟರ್ ಕೊಟ್ಟ ಕೋಲು ಕೈಯಲ್ಲಿ ಮುರಿದರೆ 'ಸಂಬಳದಲ್ಲಿ ಹಿಡಿತೀನಿ' ಅನ್ನುವುದು ಸಾಮಾನ್ಯ. ಕಾನೂನು ಏನು ಹೇಳುತ್ತದೆ? 1936ರ ವೇತನ ಪಾವತಿ ಕಾಯ್ದೆಯಲ್ಲಿ ಈ ಷರತ್ತುಗಳಿದ್ದವು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇವೆ:

- ಆ ವಸ್ತುವನ್ನು ಸ್ಪಷ್ಟವಾಗಿ ನಿಮ್ಮ ವಶಕ್ಕೆ ಒಪ್ಪಿಸಿರಬೇಕು.
- ನಷ್ಟ ನೇರವಾಗಿ ನಿಮ್ಮ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ಆಗಿರಬೇಕು.
- ಹಣ ಹಿಡಿಯುವ ಮೊದಲು ನಿಮ್ಮ ವಿವರಣೆ ಕೇಳಬೇಕು.
- ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ.

ಸಂಹಿತೆಯ ಪ್ರಕಾರ ಎಲ್ಲಾ ಕಡಿತ ಸೇರಿದರೂ ಒಂದು ಸಂಬಳದ ಅವಧಿಯಲ್ಲಿ ಸಂಬಳದ ಅರ್ಧ ಮೀರಬಾರದು. ಅಂದರೆ ಹಳೇ ಬಿರುಕು ಇದ್ದ ಕೋಲು ನಿಮ್ಮ ಕೈಯಲ್ಲಿ ಮುರಿದರೆ ಅದು ನಿಮ್ಮ ತಪ್ಪಾಗುವುದಿಲ್ಲ. ಆದರೆ ಬಿರುಕು ಮೊದಲೇ ಇತ್ತು ಎಂದು ತೋರಿಸುವುದು ಹೇಗೆ? ಬೆಳಿಗ್ಗೆ ಬರೆದ ಒಂದು ಸಾಲು, ತೆಗೆದ ಒಂದು ಫೋಟೋ ಆಗ ಮಾತಾಡುತ್ತದೆ. ಅನ್ಯಾಯವಾದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಇಲಾಖೆಯ ಕಚೇರಿಗಳಿವೆ. ಒಬ್ಬರೇ ಹೋಗಬೇಡಿ, ಸಂಘದವರು ಜೊತೆಗೆ ಹೋಗಿ.

9. ಸಂಘವೇ ಕೋಲು ಕೊಳ್ಳುವುದಾದರೆ

ಕೊಳ್ಳುವ ಮೊದಲು ಯಾವ ಎತ್ತರದ ಕೆಲಸ ಸಿಗುತ್ತದೆ ಅಂತ ನೋಡಿ. ಒಂದು, ಎರಡು ಮಹಡಿಯ ಕೆಲಸವೇ ಹೆಚ್ಚಾದರೆ ಗಾಜಿನ ಎಳೆಯ ಕೋಲು ಅಥವಾ ಗಾಜು-ಕಾರ್ಬನ್ ಬೆರೆತ ಕೋಲು ಸಾಕು. ಸ್ವಲ್ಪ ಭಾರ, ಆದರೆ ಬೆಲೆ ಕಡಿಮೆ, ಒರಟು ಕೈಗೂ ತಡೆಯುತ್ತದೆ. ಪೂರ್ತಿ ಕಾರ್ಬನ್ ಬೇಕಾಗುವುದು ಎತ್ತರ ಹೆಚ್ಚಾದಾಗ. ಬಿಡಿ ಕೊಳವೆ, ಬಿಡಿ ಕ್ಲಾಂಪು ಸಿಗುತ್ತದೆಯೇ ಎಂದು ಕೇಳಿ, ಬಿಲ್ಲಿನ ಜೊತೆಗೆ ಬರೆಸಿಕೊಳ್ಳಿ.

ರಿಪೇರಿ ನಿಧಿ ಮೊದಲ ದಿನದಿಂದಲೇ ಇರಲಿ. ಲೆಕ್ಕ ಕಲಿಯಲು ಹೀಗೆ ಇಟ್ಟುಕೊಳ್ಳೋಣ: ಒಂದು ಕೊಳವೆ ಬದಲಾಯಿಸಲು 6,000 ರೂಪಾಯಿ ಆಗುತ್ತದೆ. ಕೆಲಸ ಇದ್ದ ದಿನ 50 ರೂಪಾಯಿ ತೆಗೆದಿಟ್ಟರೆ 120 ದಿನದಲ್ಲಿ ಅಷ್ಟು ಹಣ ಕೂಡುತ್ತದೆ. ತೆಗೆದಿಡದಿದ್ದರೆ ಮುರಿದ ದಿನ ಮತ್ತೆ ಸಾಲ, ಮೊದಲ ಸಾಲದ ಕಂತೂ ನಿಲ್ಲುತ್ತದೆ, ಬ್ಯಾಂಕಿನಲ್ಲಿ ಸಂಘದ ಹೆಸರೂ ಕೆಡುತ್ತದೆ. ಹಾಗಾಗಿ ಈ 50 ರೂಪಾಯಿಯನ್ನು ಖರ್ಚು ಅಂತ ಬರೆಯಿರಿ, ಲಾಭ ಅಂತ ಹಂಚಬೇಡಿ.

ಸಭೆಯಲ್ಲಿ ಮಾಡಿ ನೋಡಿ

1. ಮಡಕೆ ಮತ್ತು ಬಿದಿರನ್ನು ನಾಣ್ಯದಿಂದ ತಟ್ಟಿ, ಕಣ್ಣು ಮುಚ್ಚಿ ಸದ್ದಿನ ವ್ಯತ್ಯಾಸ ಹೇಳಿ.

2. ಪೊರಕೆಯನ್ನು ಹಿಡಿಯ ತುದಿಯಲ್ಲಿ ಹಿಡಿದು ಅಡ್ಡಲಾಗಿ ಚಾಚಿ ನಿಲ್ಲಿ. ಆಮೇಲೆ ನೆಟ್ಟಗೆ ಹಿಡಿಯಿರಿ. ಕೈಗೆ ಯಾವಾಗ ಭಾರ? ಕೋಲಿಗೂ ಆಗಲೇ ಭಾರ.

3. ಒಬ್ಬರು ಸೂಪರ್‌ವೈಸರ್, ಇಬ್ಬರು ಕೆಲಸಗಾರ್ತಿಯರಾಗಿ ಅಭಿನಯಿಸಿ. ತಂತಿ ಹತ್ತಿರ ಇರುವ ಗಾಜು ತೊಳೆಯಲು ಸೂಪರ್‌ವೈಸರ್ ಹೇಳುತ್ತಾರೆ. ಗೌರವ ಬಿಡದೆ, ಹೆದರದೆ, ಹೇಗೆ ಉತ್ತರ ಕೊಡುತ್ತೀರಿ?

ಚರ್ಚಿಸಿ

1. ನಮ್ಮ ಸದಸ್ಯರು ಕೆಲಸ ಮಾಡುವ ಕಟ್ಟಡಗಳಲ್ಲಿ ತಂತಿ ಹತ್ತಿರ ಇರುವ ಗೋಡೆಗಳು ಯಾವುವು? ಪಟ್ಟಿ ಮಾಡಿ.

2. ಬಿದ್ದ ಕೋಲಿನ ವಿಷಯ ಹೇಳಲು ನಮಗೆ ಹೆದರಿಕೆ ಯಾಕೆ? ಆ ಹೆದರಿಕೆ ಹೋಗಲು ಸಂಘ ಏನು ಮಾಡಬಹುದು?

3. ಸಂಬಳದಲ್ಲಿ ಹಣ ಹಿಡಿದಾಗ ಯಾರಾದರೂ ಕಾರಣ ಕೇಳಿದ್ದೀರಾ? ಏನು ಉತ್ತರ ಬಂತು?

ಈ ತಿಂಗಳ ತೀರ್ಮಾನ

ಕೋಲು ಬಳಸುವ ಪ್ರತಿಯೊಬ್ಬ ಸದಸ್ಯೆಯೂ ನಾಳೆಯಿಂದಲೇ ಪುಸ್ತಕ ಶುರು ಮಾಡಲಿ. ಕೋಲು ಬಳಸದ ಸಂಘಗಳು ಹೊಲಿಗೆ ಯಂತ್ರ, ಗ್ರೈಂಡರ್, ತಳ್ಳುಗಾಡಿ ಹೀಗೆ ಹಂಚಿಕೊಂಡು ಬಳಸುವ ಯಾವುದೇ ವಸ್ತುವಿಗೆ ಇದೇ ಐದು ಕಲಂ ಬಳಸಬಹುದು. ಮುಂದಿನ ಸಭೆಗೆ ಪುಸ್ತಕ ತನ್ನಿ. ಅದರಲ್ಲಿ ಎಷ್ಟು ಬಿರುಕು ಸಿಕ್ಕಿತು ಅಂತ ಎಣಿಸೋಣ. ಮೊದಲೇ ಸಿಕ್ಕ ಪ್ರತಿ ಬಿರುಕೂ ಒಬ್ಬ ಸಹೋದರಿಯ ಕೂಲಿಯನ್ನು, ಅವಳ ತಲೆಯನ್ನು ಕಾಪಾಡಿದೆ ಅಂತ ಲೆಕ್ಕ.